ಮೂರನೆಯ ಸೆಮಿಸ್ಟರಿಗೆ ಬಂದ ಅಂಚೆ

ಹಳ್ಳಿಯ ಅಂಚೆ ಕಚೇರಿಗಳಲ್ಲಿ ದುಡಿಯುವ ಗ್ರಾಮೀಣ ಡಾಕ್ ಸೇವಕರ ನೇಮಕಾತಿಗೆ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯೊಂದೇ ಆಧಾರ. ಶೇಕಡಾವಾರನ್ನು ದಶಾಂಶದ ನಾಲ್ಕು ಸ್ಥಾನಗಳವರೆಗೆ ಎಳೆದು, ಮೀಸಲಾತಿ ನೋಡಿ, ಕಂಪ್ಯೂಟರ್ ಒಂದು ಪಟ್ಟಿ ಹೊರಹಾಕುತ್ತದೆ. ಆಮೇಲೆ ನೀವು ಪಿಯುಸಿಯಲ್ಲಿ ಏನು ಮಾಡಿದಿರಿ, ಕಾಲೇಜು ಬಿಟ್ಟಿರೋ, ಎಂ.ಎ. ಮುಗಿಸಿದಿರೋ ಎಂದು ಅದು ಕೇಳುವುದಿಲ್ಲ. ಹದಿನೈದು ವರ್ಷದ ಹುಡುಗಿಯೊಬ್ಬಳು ಬೇಸಿಗೆಯ ಸೆಕೆಯಲ್ಲಿ ಕುಳಿತು ಬರೆದ ಆರು ಪತ್ರಿಕೆಗಳು ಅವಳ ನಲವತ್ತನೆಯ ವಯಸ್ಸಿನವರೆಗೂ ಹಾಗೆಯೇ ಚಲಾವಣೆಯಲ್ಲಿರುತ್ತವೆ. ಅರ್ಜಿ ಹಾಕಲು ಇರುವ ವಯೋಮಿತಿ 18ರಿಂದ 40.

2025ರ ಫೆಬ್ರುವರಿಯಲ್ಲಿ ಅಂಚೆ ಇಲಾಖೆ ದೇಶಾದ್ಯಂತ 21,413 ಹುದ್ದೆಗಳಿಗೆ ಅರ್ಜಿ ಕರೆಯಿತು. ಹೆಣ್ಣುಮಕ್ಕಳಿಗೆ ಶುಲ್ಕವೂ ಇರುವುದಿಲ್ಲ. ಹಾಗಾಗಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಂಕ ಚೆನ್ನಾಗಿ ಬಂದ ಮಕ್ಕಳೆಲ್ಲ ಕೆಲಸ ಬೇಕೋ ಬೇಡವೋ, ಒಂದು ಅರ್ಜಿಯಂತೂ ಹಾಕಿಬಿಡುತ್ತಾರೆ. ನನ್ನ ಅಣ್ಣನ ಮಗಳೂ ಹಾಕಿದ್ದಳು, ಹಾಕಿದ್ದನ್ನು ಮರೆತೂ ಬಿಟ್ಟಿದ್ದಳು. ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಮುಂದೆ ಬಂದವರು ಬೇಡವೆಂದು ಬಿಟ್ಟ ಜಾಗಗಳಿಗೆ ಒಂದರ ಹಿಂದೊಂದು ಪಟ್ಟಿ ಬರುತ್ತಾ ಹೋಗುತ್ತದಲ್ಲ, ಅಂಥದೊಂದರಲ್ಲಿ, ಅವಳು ಬಿ.ಎಸ್ಸಿ. ಮೂರನೆಯ ಸೆಮಿಸ್ಟರಿಗೆ ಕಾಲಿಡುವ ಹೊತ್ತಿಗೆ ಮೊಬೈಲಿಗೆ ಸಂದೇಶ ಬಂತು. ಹುದ್ದೆ ಬ್ರ್ಯಾಂಚ್ ಪೋಸ್ಟ್ ಮಾಸ್ಟರ್, ಅಂದರೆ ಹಳ್ಳಿಯ ಅಂಚೆ ಕಚೇರಿಯನ್ನು ನಡೆಸುವ ಡಾಕ್ ಸೇವಕರ ಕೆಲಸ. ಊರು ಅವಳದ್ದೇ ಊರು.

ಶಿರಸಿಯಿಂದ ಕುಮಟಾಕ್ಕೆ ಹೋಗುವ ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿಯುವ ಮೊದಲೇ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಈಗ ಶಿರಸಿಯಲ್ಲಿದ್ದೇನೆ, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಲೆಕ್ಕದ ಮಾತು ಬಂದರೆ ನನ್ನನ್ನು ಕರೆಯುವ ರೂಢಿ ಇದೆ. ಹಾಗೆ ಈ ಸಲವೂ ಕರೆದರು.

ಅಣ್ಣನ ಮಾತು ನೇರವಾಗಿತ್ತು. ಹಿಂದಿನ ವರ್ಷ ಕೊಳೆರೋಗ ಅಡಿಕೆ ತೋಟವನ್ನು ಅರ್ಧ ಉದುರಿಸಿತ್ತು, ಉಳಿದ ಅರ್ಧಕ್ಕೆ ಎಲೆಚುಕ್ಕೆ ಹಿಡಿದಿತ್ತು. ಮದ್ದು ಹೊಡೆಯುವವರ ಕೂಲಿ ಕೊಟ್ಟು ಕೈಯಲ್ಲಿ ಉಳಿದದ್ದು ಹೇಳಿಕೊಳ್ಳುವ ಹಾಗಿರಲಿಲ್ಲ. “ಮನೆಬಾಗಿಲಿಗೆ ಬಂದ ಕೇಂದ್ರ ಸರಕಾರದ ಕೆಲಸ. ಬೇಡ ಎನ್ನುವುದಕ್ಕೆ ನಾವು ಯಾರು?” ಎಂದ. ಅತ್ತಿಗೆ ಏನೂ ಹೇಳಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಣ್ಣನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: ಡಿಗ್ರಿ ಬಿಡುವ ಮಾತೇ ಬೇಡ. ಊರು ಬಿಟ್ಟು ಹೋದವರಿಗೆ ಇಂಥ ಸಲಹೆ ಬಹಳ ಸಲೀಸಾಗಿ ಬರುತ್ತದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ, ಅವರು ಹೇಳಿದ್ದು ಸರಿಯಿದ್ದಾಗಲೂ.

ಎಂಬತ್ತು ದಾಟಿರುವ ನನ್ನ ಅಪ್ಪ ಮಾತ್ರ ತಮ್ಮದೇ ಲೆಕ್ಕ ಹಾಕಿದರು. ಡಿಗ್ರಿ ಮುಗಿಸಿ ಕೆಲಸ ಸಿಗದಿದ್ದರೆ ಯುವನಿಧಿ ಎಂದು ರಾಜ್ಯ ಸರಕಾರ ತಿಂಗಳಿಗೆ ಮೂರು ಸಾವಿರ ಕೊಡುತ್ತದೆ, ಅದೂ ಎರಡು ವರ್ಷ ಮಾತ್ರ. ಡಿಗ್ರಿ ಮುಗಿಸದೇ ಅಂಚೆಗೆ ಸೇರಿದರೆ ಹದಿನೆಂಟು ಸಾವಿರ. “ಓದಿದವರಿಗೆ ಕಡಿಮೆ, ಬಿಟ್ಟವರಿಗೆ ಹೆಚ್ಚು. ಇದು ಯಾವ ಶಾಸ್ತ್ರವೇ ತಂಗಿ?” ಎಂದು ನನ್ನನ್ನೇ ಕೇಳಿದರು.

ಅಪ್ಪನ ಹದಿನೆಂಟು ಸಾವಿರ ತಪ್ಪಲ್ಲ. ದಿನಕ್ಕೆ ನಾಲ್ಕು ತಾಸಿನ ಕೆಲಸವಿರುವ ಬ್ರ್ಯಾಂಚ್ ಪೋಸ್ಟ್ ಮಾಸ್ಟರ್ ಹುದ್ದೆಗೆ ಮೂಲ ಭತ್ಯೆ 12,000. ಅದರ ಮೇಲೆ ಕೇಂದ್ರ ನೌಕರರ ಹಾಗೆ ತುಟ್ಟಿಭತ್ಯೆ. 2025ರ ಮೊದಲ ಅರ್ಧದಲ್ಲಿ ಅದು ಶೇಕಡಾ 55 ಇತ್ತು, ಗುಣಿಸಿ ನೋಡಿ. ಆದರೆ ಅಣ್ಣ ಹೇಳಿದ “ಕೇಂದ್ರ ಸರಕಾರದ ಕೆಲಸ” ಎಂಬುದರಲ್ಲಿ ಒಂದು ಸಿಕ್ಕು ಇದೆ. ಡಾಕ್ ಸೇವಕರು ಇಲಾಖೆಗೆ ದುಡಿಯುತ್ತಾರೆ, ಆದರೆ ಇಲಾಖೆಯ ಕಾಯಂ ನೌಕರರಲ್ಲ. ಅದಕ್ಕೇ ಅವರಿಗೆ ಕೊಡುವುದನ್ನು ಸಂಬಳ ಎನ್ನದೆ ಭತ್ಯೆ ಎನ್ನುತ್ತಾರೆ. ಕಾಯಂ ನೌಕರರ ಪಿಂಚಣಿಯೂ ಅವರಿಗಿಲ್ಲ. ಮುಂದೆ ಇಲಾಖೆಯ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್, ಎಂ.ಟಿ.ಎಸ್. (ಬಹುಕಾರ್ಯ ಸಿಬ್ಬಂದಿ) ಆಗುವ ದಾರಿ ಇದೆ, ಅದು ಬೇರೆ ಮಾತು.

ನನಗೆ ಹೆಚ್ಚು ಸ್ವಾರಸ್ಯ ಅನಿಸಿದ್ದು ಬೇರೊಂದು ಷರತ್ತು. ಡಾಕ್ ಸೇವಕರಾಗುವವರಿಗೆ ಜೀವನಕ್ಕೆ ಬೇರೆ ಆದಾಯದ ಮೂಲವೂ ಇರಬೇಕು ಎಂದು ಇಲಾಖೆಯೇ ಹೇಳುತ್ತದೆ. ಜೊತೆಗೆ ಬ್ರ್ಯಾಂಚ್ ಪೋಸ್ಟ್ ಮಾಸ್ಟರ್ ಆ ಊರಿನಲ್ಲೇ ವಾಸ ಮಾಡಬೇಕು, ಅಂಚೆ ಕಚೇರಿಗೆ ಜಾಗವನ್ನೂ ತಾನೇ ಒದಗಿಸಬೇಕು. ಅಂದರೆ ಊರಲ್ಲಿ ಮನೆ ಇರುವ, ಮನೆಗೆ ಜಗಲಿ ಇರುವ, ಜಗಲಿಯ ಹಿಂದೆ ತೋಟ ಇರುವ ಮನುಷ್ಯನಿಗೆಂದೇ ಮಾಡಿದ ಕೆಲಸ ಇದು. ನಮ್ಮ ಊರಿನ ಹಿಂದಿನ ಪೋಸ್ಟ್ ಮಾಸ್ಟರ್ ಹಾಗೆಯೇ ಇದ್ದರು. ಬೆಳಿಗ್ಗೆ ತೋಟಕ್ಕೆ ಹೋಗಿ ಬಂದು, ಸ್ನಾನ ಮಾಡಿ, ಜಗಲಿಯ ಮೇಜಿನ ಮುಂದೆ ಕುಳಿತರೆ ಅದು ಅಂಚೆ ಕಚೇರಿ. ಎದ್ದರೆ ಜಗಲಿ.

ಅವರು ನಿವೃತ್ತರಾದದ್ದು 65ಕ್ಕೆ. ಡಾಕ್ ಸೇವಕರಿಗೆ ಅಲ್ಲಿಯವರೆಗೆ ಅವಕಾಶ ಇದೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗಲೂ ಅವರೇ ಪೋಸ್ಟ್ ಮಾಸ್ಟರ್, ನನ್ನ ಮಗನ ಉಪನಯನದ ಆಮಂತ್ರಣ ಹಂಚಿದಾಗಲೂ ಅವರೇ.

ಇಲ್ಲಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಓದು ಎಲ್ಲಿಗೂ ಹೋಗುವುದಿಲ್ಲ, ಯಾವಾಗ ಬೇಕಾದರೂ ಓದಬಹುದು, ಕೆಲಸ ಮಾತ್ರ ಕಾಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಈ ಕೆಲಸದ ಮಟ್ಟಿಗೆ ಅದು ಸುಳ್ಳು. 2023ರ ಜನವರಿಯಲ್ಲಿ 40,889 ಹುದ್ದೆ ಕರೆದಿದ್ದರು, 2024ರ ಜುಲೈಯಲ್ಲಿ 44,228, ಆಮೇಲೆ ಮತ್ತೆ ಈ 21,413. ಅವಳ ಅಂಕಪಟ್ಟಿ ಹಳತಾಗುವುದಿಲ್ಲ. ಡಿಗ್ರಿ ಮುಗಿಸಿ, ಬಿ.ಇಡಿ. ಮುಗಿಸಿ, ಎಲ್ಲ ಮುಗಿಸಿ ಮೂವತ್ತಕ್ಕೆ ಅರ್ಜಿ ಹಾಕಿದರೂ ಅದೇ ಅಂಕ, ಅದೇ ಹುದ್ದೆ. ಕಾಯುವುದಿಲ್ಲ ಎಂದಿದ್ದರೆ ಅದು ಊರು. ಈ ಜಾಗಕ್ಕೆ ಈಗ ಇಪ್ಪತ್ತೈದರ ಒಬ್ಬರು ಬಂದು ಕುಳಿತು ಗಟ್ಟಿಯಾಗಿ ಊರಿದರೆ ಮತ್ತೆ ಖಾಲಿಯಾಗುವುದು ನಲವತ್ತು ವರ್ಷಕ್ಕೆ. ಅಣ್ಣನ ಮಗಳಿಗೆ ಹೊನ್ನಾವರದಲ್ಲೋ ಹಳಿಯಾಳದಲ್ಲೋ ಅಂಚೆ ಕೆಲಸ ಇನ್ನೊಮ್ಮೆ ಸಿಗಬಹುದು. ತನ್ನ ಮನೆಯ ಜಗಲಿಯಲ್ಲಿ ಸಿಗುವುದು ಇದೊಂದೇ ಸಲ.

ಹಾಗಾಗಿ ನಮ್ಮ ಮನೆಯಲ್ಲಿ ನಡೆದ ಚರ್ಚೆ ಓದೋ ಕೆಲಸವೋ ಎಂಬ ಹೆಸರಿನಲ್ಲಿ ನಡೆದರೂ ಒಳಗಿದ್ದದ್ದು ಬೇರೆ. ಈ ಹುಡುಗಿ ಊರಲ್ಲಿ ಉಳಿಯುತ್ತಾಳೋ, ಹೋಗುತ್ತಾಳೋ? ಅದನ್ನು ಆ ಮಾತಿನಲ್ಲಿ ಕೇಳಲು ಯಾರಿಗೂ ಧೈರ್ಯವಿರಲಿಲ್ಲ.

ಘಟ್ಟದ ಮೇಲಿನ ಊರುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ದೊಡ್ಡ ಮನೆಗಳು, ಒಳಗೆ ಇಬ್ಬರು ಮುದುಕರು. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅಮೆರಿಕದಲ್ಲಿ. ತೋಟ ನೋಡಿಕೊಂಡು ಉಳಿದ ಗಂಡುಮಕ್ಕಳಿಗೆ ಹೆಣ್ಣು ಸಿಗುವುದಿಲ್ಲ. ಒಂದು ಕಾಲದಲ್ಲಿ ಪದವಿ ಓದಬೇಕೆಂದರೆ ಧಾರವಾಡಕ್ಕೋ ಮುಂಬಯಿಗೋ ಹೋಗಬೇಕಿತ್ತು. 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಕರಾವಳಿಯಲ್ಲಿ ಒಂದೊಂದಾಗಿ ವಿದ್ಯಾಸಂಸ್ಥೆಗಳನ್ನು ತೆರೆದರು. ಘಟ್ಟದ ಮೇಲೂ ಕಾಲೇಜುಗಳು ಬಂದವು. ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಓದಬಹುದು ಎಂದಾದ ಮೇಲೆಯೇ ನಮ್ಮಂಥ ಮನೆಗಳ ಹೆಣ್ಣುಮಕ್ಕಳಿಗೆ ಪದವಿ ಎಂಬುದು ಕೈಗೆಟುಕಿದ್ದು. ಈಗ ಬಸ್ಸಿಗೆ ದುಡ್ಡೂ ಕೊಡಬೇಕಾಗಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆ. ಆದರೆ ಹತ್ತಿರಕ್ಕೆ ಬಂದ ಕಾಲೇಜು ನಮ್ಮನ್ನು ಹತ್ತಿರ ಉಳಿಸಲಿಲ್ಲ. ಪದವಿ ಮುಗಿದದ್ದೇ ಎಲ್ಲರೂ ಘಟ್ಟ ಇಳಿದರು, ಇಲ್ಲವೇ ಹುಬ್ಬಳ್ಳಿಯ ದಾರಿ ಹಿಡಿದರು. ಡಿಗ್ರಿ ಬೇಡದ, ಊರು ಬಿಡಬಾರದೆಂದೇ ಷರತ್ತು ಹಾಕುವ ಕೆಲಸ ಒಂದಿದ್ದರೆ ಅದು ಈ ಅಂಚೆಯದ್ದು. ಅಪ್ಪನಂಥವರ ಕಣ್ಣಿನಲ್ಲಿ ಅದು ಹೊಳೆಯುವುದರಲ್ಲಿ ಆಶ್ಚರ್ಯವೇನಿದೆ?

ಕೆಲಸ ಹೇಗಿರುತ್ತದೆ ನೋಡಿ ಬರೋಣ ಎಂದು ಅವಳನ್ನು ಕರೆದುಕೊಂಡು ಹೋದೆ. ಪಕ್ಕದ ಊರಿನ ಅಂಚೆಯವರು ನಮ್ಮೂರಿನದನ್ನೂ ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಿದ್ದರು. ಜೋರು ಮಳೆ. ಜಗಲಿಯ ಅಂಚಿಗೆ ಕಟ್ಟಿದ ಅಡಿಕೆ ಸೋಗೆಯ ತಡಿಕೆಯಿಂದ ನೀರು ಇಳಿಯುತ್ತಿತ್ತು. ಮೇಜಿನ ಮೇಲೆ ತಾರೀಖಿನ ಮೊಹರು, ಮಸಿಯ ಪ್ಯಾಡು, ತೂಕದ ಯಂತ್ರ, ರಬ್ಬರ್ ಬ್ಯಾಂಡು ಹಾಕಿದ ಆರ್.ಡಿ. ಪುಸ್ತಕಗಳ ಕಟ್ಟು, ಒಂದು ಮೊಬೈಲ್, ಅದಕ್ಕೆ ತಂತಿಯಿಂದ ಜೋಡಿಸಿದ ಹೆಬ್ಬೆಟ್ಟಿನ ಯಂತ್ರ. ಪತ್ರ ಎಂದು ಬಂದದ್ದು ಎರಡೋ ಮೂರೋ, ಅದರಲ್ಲಿ ಒಂದು ವಿಮಾ ಕಂಪನಿಯದು. ಜನ ಬಂದದ್ದೆಲ್ಲ ದುಡ್ಡಿಗೆ.

ಒಬ್ಬ ಅಜ್ಜಿ ಸಂಧ್ಯಾ ಸುರಕ್ಷಾ ಪಿಂಚಣಿ ತೆಗೆಯಲು ಬಂದಿದ್ದರು. 1,200 ರೂಪಾಯಿ. 2018ರಲ್ಲಿ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಶುರುವಾದ ಮೇಲೆ ಯಾವ ಬ್ಯಾಂಕಿನ ಖಾತೆಯಾದರೂ ಆಧಾರ್ ಜೋಡಣೆ ಇದ್ದರೆ ಇಲ್ಲೇ ಬೆರಳೊತ್ತಿ ಹಣ ಪಡೆಯಬಹುದು. ಅಜ್ಜಿ ಹೆಬ್ಬೆರಳು ಒತ್ತಿದರು, ಯಂತ್ರ ಒಪ್ಪಲಿಲ್ಲ. ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದರು. ಇಲ್ಲ. ತೋರುಬೆರಳು, ನಡುಬೆರಳು, ಎಡಗೈ. ಇಲ್ಲ. ಆ ಬೆರಳುಗಳನ್ನು ನೋಡಿದರೆ ಕಾರಣ ತಿಳಿಯುತ್ತಿತ್ತು. ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದ ಕೈಗಳು ಅವು. ಚೊಗರು ಹತ್ತಿ ಕಪ್ಪಾಗಿ, ಬೆರಳ ತುದಿಯ ಗೆರೆಗಳು ಸವೆದು ನುಣುಪಾಗಿದ್ದವು. ಅಂಚೆಯವರಿಗೆ ಇದು ಹೊಸತಲ್ಲ. ಮೇಜಿನ ಕೆಳಗಿನಿಂದ ತೆಂಗಿನೆಣ್ಣೆಯ ಪುಟ್ಟ ಬಾಟಲಿ ತೆಗೆದು, ಒಂದು ಹನಿ ಹಚ್ಚಿ, ಚೆನ್ನಾಗಿ ಒರೆಸಿ, ಉಂಗುರದ ಬೆರಳನ್ನು ತಾವೇ ಹಿಡಿದು ಸ್ವಲ್ಪ ಓರೆಯಾಗಿ ಒತ್ತಿದರು. ಹಸಿರು ದೀಪ ಬಂತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಅಣ್ಣನ ಮಗಳು ಇದನ್ನು ಬಹಳ ಹೊತ್ತು ನೋಡಿದಳು. ನೆಟ್‌ವರ್ಕ್ ಬರುವವರೆಗೆ ಅಜ್ಜಿಯ ಜೊತೆ ಮಾತಾಡಿದಳು, ಮೂರು ತಿಂಗಳಿನಿಂದ ಬಾರದ ಗೃಹಲಕ್ಷ್ಮಿ ಹಣದ ಗೊಂದಲವನ್ನು ಕೇಳಿ ಮೊಬೈಲಿನಲ್ಲಿ ಏನೋ ನೋಡಿ ಹೇಳಿದಳು. ಅವಳಿಗೆ ಈ ಕೆಲಸ ಬರುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು. ಅಪ್ಪ, ಅಣ್ಣ ಎಲ್ಲ ಸೇರಿ ಮಾಡಿದ ಲೆಕ್ಕದಲ್ಲಿ ಇದು ಎಲ್ಲಿಯೂ ಇರಲಿಲ್ಲ. ನಾಲ್ಕು ತಾಸಿನ ಸಣ್ಣ ಕೆಲಸ ಎಂದು ಕಾಲೇಜಿನವರು ಮೂಗು ಮುರಿಯಬಹುದು. ಆ ಜಗಲಿ ಮುಚ್ಚಿದರೆ ಆ ಅಜ್ಜಿ 1,200 ರೂಪಾಯಿಗಾಗಿ ಶಿರಸಿಗೆ ಬರಬೇಕು. ದಿನವಿಡೀ ಹೋಗುತ್ತದೆ, ಜೊತೆಗೆ ಒಬ್ಬರು ಬೇಕು.

ಹಾಗೆಂದು ಸೇರಿಬಿಡು ಎಂದು ನಾನು ಹೇಳಲಿಲ್ಲ. ನನಗಿದ್ದ ಅಳುಕು ಬೇರೆ. ಅಂಚೆಯೇ ಬದಲಾಗುತ್ತಿದೆ. ನಮಗೆಲ್ಲ ಗೊತ್ತಿದ್ದ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಮುಂದಿನ ಇಪ್ಪತ್ತು ವರ್ಷದಲ್ಲಿ ಹಳ್ಳಿಯ ಜಗಲಿಯಲ್ಲಿ ಏನು ಉಳಿಯುತ್ತದೆ ಎಂದು ಯಾರು ಹೇಳಬಲ್ಲರು? ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅರವತ್ತೈದರವರೆಗಿನ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಹಾಯಾಗಿ ಕಾಣುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಆ ಕುರ್ಚಿ ಜೊತೆಗೆ ಬರುವುದಿಲ್ಲ. ವರ್ಗ ಕೇಳಬಹುದು, ಆದರೆ ಹೋದ ಕಡೆ ಖಾಲಿ ಇರಬೇಕು. ಅತ್ತಿಗೆಯ ಮೌನದಲ್ಲಿ ಇದೇ ಇತ್ತು ಎಂದು ಆಮೇಲೆ ಗೊತ್ತಾಯಿತು. ಆ ರಾತ್ರಿ ಪಾತ್ರೆ ತೊಳೆಯುತ್ತಾ, “ಒಂದು ಮನೆಗೆ ಕಟ್ಟಿ ಹಾಕಿಕೊಂಡು ಬಂದವಳು ನಾನು. ಅವಳನ್ನು ನಾನೇ ಹೇಗೆ ಕಟ್ಟಿ ಹಾಕಲಿ?” ಎಂದರು.

ಇದೇ ಹೊತ್ತಿಗೆ ಅಂಕೋಲಾದ ನಮ್ಮ ಪರಿಚಯದ ಹುಡುಗನೊಬ್ಬ ನೆನಪಾದ. ನನ್ನ ಗಂಡನ ಸ್ನೇಹಿತರ ಮಗ. ಬಿ.ಎ. ಕೊನೆಯ ವರ್ಷದಲ್ಲಿ ಎರಡು ಪತ್ರಿಕೆ ಬಾಕಿ ಇರುವಾಗಲೇ ಗೋವಾಕ್ಕೆ ಹೋದ. ವೆರ್ಣಾದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ, ಗುತ್ತಿಗೆದಾರನ ಮೂಲಕ. ಕಾರವಾರದವರಿಗೆ ಗೋವಾ ಪರದೇಶವಲ್ಲ, ಮಾಜಾಳಿ ದಾಟಿದರೆ ಪೊಳೆ, ಅಲ್ಲಿಂದ ಕಾಣಕೋಣ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೆ ಅಂಕೋಲಾ, ಕುಮಟಾಕ್ಕೂ ಅದು ನೆರೆಮನೆಯೇ ಆಯಿತು. ಕರಾವಳಿಯಲ್ಲಿ ಓದು ಬಿಡುವುದಕ್ಕೆ ಘಟ್ಟದ ಮೇಲಿರುವಷ್ಟು ಗದ್ದಲ ಇಲ್ಲ. ಕೈಗಾ ಇದೆ, ಅರಗಾದ ನೌಕಾನೆಲೆ ಇದೆ, ಬೈತಕೋಲದ ಬಂದರು ಇದೆ, ಎಲ್ಲದರ ಸುತ್ತ ಗುತ್ತಿಗೆಯ ಕೆಲಸಗಳಿವೆ. ಇವತ್ತು ಹೇಳಿದರೆ ನಾಳೆ ಬಾ ಎನ್ನುತ್ತಾರೆ. ಯಾರೂ ಹತ್ತು ಜನರನ್ನು ಕೂರಿಸಿಕೊಂಡು ಚರ್ಚೆ ಮಾಡುವುದಿಲ್ಲ, ಹುಡುಗ ಚೀಲ ಹಿಡಿದು ಹೊರಟಾಗಲೇ ಗೊತ್ತಾಗುವುದು.

ಅವನಿಗೆ ಫೋನ್ ಮಾಡಿ ಕೇಳಿದೆ. ಪಾಪ, ಬೇಸರ ಮಾಡಿಕೊಳ್ಳದೆ ಹೇಳಿದ. ದುಡ್ಡಿಗೆ ತೊಂದರೆಯಾಗಲಿಲ್ಲ, ಅಕ್ಕನ ಮದುವೆಯ ಸಾಲ ತೀರಿಸಿದ. ತೊಂದರೆ ಆದದ್ದು ಗುತ್ತಿಗೆ ಬದಲಾದಾಗಲೆಲ್ಲ ಹೊಸಬನಾಗಬೇಕಾದದ್ದು. ಬಾಕಿ ಎರಡು ಪತ್ರಿಕೆಗಳನ್ನು ಕಟ್ಟಬೇಕೆಂದು ವರ್ಷಾ ವರ್ಷ ಅಂದುಕೊಂಡನಂತೆ. ಶುಲ್ಕ ಕಟ್ಟುವ ಕೊನೆಯ ದಿನ ಯಾವಾಗ ಎಂದು ಹೇಳುವವರು ಯಾರೂ ಅಕ್ಕಪಕ್ಕ ಇರಲಿಲ್ಲ. “ಆಂಟಿ, ಓದು ಕಷ್ಟ ಅಂತ ಅಲ್ಲ. ಕಾಲೇಜಿನಲ್ಲಿದ್ದರೆ ನೋಟಿಸ್ ಬೋರ್ಡ್ ಕಣ್ಣಿಗೆ ಬೀಳುತ್ತದೆ, ಅಷ್ಟೇ” ಎಂದ. ಬೇಕೆಂದಾಗ ಓದಿಕೊಳ್ಳಬಹುದು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ನನ್ನದೇ ಕಾಲದ ಮಾತು ಹೇಳುವುದಾದರೆ, ನನಗೂ ಕೊನೆಯ ವರ್ಷ ಓದುವಾಗಲೇ ಸಂಘದಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಪರೀಕ್ಷೆ ಮುಗಿಸಿ ಬರುತ್ತೇನೆ ಎಂದೆ, ಕಾದರು. ಕಾರ್ಯದರ್ಶಿಯವರಿಗೆ ಅಪ್ಪನ ಪರಿಚಯವಿತ್ತು. ಪಟ್ಟಿ ಮಾಡುವ ಕಂಪ್ಯೂಟರಿಗೆ ಯಾರ ಪರಿಚಯವೂ ಇಲ್ಲ. ನ್ಯಾಯದ ದೃಷ್ಟಿಯಿಂದ ಅದೇ ಒಳ್ಳೆಯದು, ಒಪ್ಪುತ್ತೇನೆ. ದಾಖಲೆ ಪರಿಶೀಲನೆಗೆ ಅದು ಕೊಟ್ಟ ದಿನದೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಮುಂದಿನ ಹೆಸರು.

ಎರಡನ್ನೂ ಹಿಡಿದುಕೊಳ್ಳುವ ದಾರಿ ಇದೆಯೇ ಎಂದೂ ನೋಡಿದೆವು. ನಾಲ್ಕೇ ತಾಸಿನ ಕೆಲಸವಲ್ಲವೇ? ಆದರೆ ಆ ನಾಲ್ಕು ತಾಸು ಬೀಳುವುದು ಹಗಲಿನಲ್ಲಿ, ಕಾಲೇಜಿನ ಹೊತ್ತಿನಲ್ಲೇ. ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ ಎಂದು ನಡುದಾರಿಯಲ್ಲಿ ಇಳಿಯುವ ಅವಕಾಶದ ಬಗ್ಗೆ ಬಹಳ ಮಾತಾಗಿತ್ತು. 2021ರಲ್ಲಿ ಅದನ್ನು ಮೊದಲು ಜಾರಿಗೆ ತಂದದ್ದು ನಮ್ಮದೇ ರಾಜ್ಯ. 2024-25ರಿಂದ ಹಳೆಯ ಮೂರು ವರ್ಷದ ಪದವಿಗೆ ಮರಳಿದ್ದೂ ನಮ್ಮದೇ ರಾಜ್ಯ. ಅವಳು ಸೇರಿದ್ದು ಮರಳಿದ ವರ್ಷ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಿಂದ ಬಿ.ಎ.ಯನ್ನೋ ಬಿ.ಕಾಂ.ಅನ್ನೋ ಮನೆಯಲ್ಲೇ ಕುಳಿತು ಮುಗಿಸಬಹುದು, ನನ್ನ ಸಹೋದ್ಯೋಗಿಗಳು ಕೆಲವರು ಮುಗಿಸಿದ್ದಾರೆ. ಇದನ್ನೇ ನಾನು ಅವಳಿಗೆ ಹೇಳಿದೆ, ಸ್ವಲ್ಪ ಹುರುಪಿನಿಂದಲೇ ಹೇಳಿದೆ.

ಆಗ ಅವಳು ಒಳಗೆ ಹೋಗಿ ತನ್ನ ಪ್ರಾಣಿಶಾಸ್ತ್ರದ ಜರ್ನಲ್ ತಂದಳು. ಕಂದು ಬಣ್ಣದ ರಟ್ಟಿನ ಪುಸ್ತಕ, ಪ್ರತಿ ಪುಟದ ಕೆಳಗೆ ಉಪನ್ಯಾಸಕರ ಸಹಿ. ಒಂದು ಬದಿ ಗೆರೆ, ಇನ್ನೊಂದು ಬದಿ ಚಿತ್ರ. ಏಡಿಯ ಕಾಲಿನ ಗೆಣ್ಣುಗಳು, ನಕ್ಷತ್ರಮೀನಿನ ಅಡಿಭಾಗ, ಚಿಪ್ಪಿನ ಒಳಮೈ. ಪೆನ್ಸಿಲ್ ಎಷ್ಟು ಚೂಪಾಗಿತ್ತೆಂದರೆ ಕೂದಲಿನಂಥ ರೋಮಗಳನ್ನೂ ಬಿಟ್ಟಿರಲಿಲ್ಲ. ಕಾಲೇಜಿನವರು ಒಂದು ದಿನ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದರಂತೆ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇದೆ. ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಧಾರವಾಡದ ವಿಶ್ವವಿದ್ಯಾಲಯ ಕಡಲಿನ ವಿಷಯವನ್ನು ಕಡಲಿನ ಪಕ್ಕಕ್ಕೇ ತಂದು ಇಟ್ಟಿದೆ, ಇದು ನನಗೇ ಗೊತ್ತಿರಲಿಲ್ಲ, ಇಷ್ಟು ವರ್ಷ ಇದೇ ಜಿಲ್ಲೆಯಲ್ಲಿದ್ದೂ.

“ಅತ್ತೆ, ಇದನ್ನು ಮನೆಯಲ್ಲಿ ಕುಳಿತು ಹೇಗೆ ಮಾಡಲಿ?” ಎಂದಳು. ಬಿ.ಕಾಂ. ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಅಲ್ಲಿಯವರೆಗೆ ನಾವೆಲ್ಲ ಅವಳ ಓದನ್ನು ಬರೇ “ಡಿಗ್ರಿ” ಎಂದು ಕರೆಯುತ್ತಿದ್ದೆವು. ಡಿಗ್ರಿ ಬಿಡುವುದು, ಡಿಗ್ರಿ ಮುಗಿಸುವುದು. ಯಾವ ವಿಷಯ ಎಂದು ಕೇಳಿದರೆ ಅಣ್ಣ “ಸೈನ್ಸ್” ಎನ್ನುತ್ತಿದ್ದ. ಅವಳು ಏನು ಓದುತ್ತಿದ್ದಾಳೆ ಎಂಬುದನ್ನು ಒಬ್ಬರೂ ಕೇಳದೇ, ಓದಬೇಕೋ ಬೇಡವೋ ಎಂದು ಎರಡು ವಾರ ಚರ್ಚೆ ಮಾಡಿದ್ದೆವು. ಹೆಸರಿಗೆ ಕಾಲೇಜಿಗೆ ಹೋಗಿ, ಹೆಸರಿಗೆ ಹಾಜರಿ ಹಾಕಿ, ಮೂರು ವರ್ಷ ಹೇಗೋ ಕಳೆಯುತ್ತಿರುವ ಮಕ್ಕಳು ಬಹಳ ಇದ್ದಾರೆ. ಅಂಥವರ ಕೈಗೆ ಈ ಸಂದೇಶ ಬಂದಿದ್ದರೆ ಎರಡು ಮಾತಿಲ್ಲದೆ ಸೇರು ಎನ್ನುತ್ತಿದ್ದೆ. ಈಗಲೂ ಎನ್ನುತ್ತೇನೆ. ಪದವಿಗೆಂದೇ ಪದವಿ ಮುಗಿಸು ಎಂಬ ಬೆಂಗಳೂರಿನ ಉಪದೇಶದಲ್ಲಿ ನನಗೆ ನಂಬಿಕೆ ಇಲ್ಲ. ಪಿ.ಡಿ.ಒ. ಆಗಲು, ಪ್ರಥಮ ದರ್ಜೆ ಸಹಾಯಕರಾಗಲು, ಬ್ಯಾಂಕಿನ ಪರೀಕ್ಷೆ ಕಟ್ಟಲು ಪದವಿ ಬೇಕು, ನಿಜ. ಆದರೆ ಆ ಪರೀಕ್ಷೆಗಳ ಮುಂದೆ ವರ್ಷಗಟ್ಟಲೆ ಕುಳಿತಿರುವವರನ್ನು ನಮ್ಮ ಸಂಘದ ಸದಸ್ಯರ ಮನೆಮನೆಯಲ್ಲಿ ಕಾಣುತ್ತೇನೆ.

ದಾಖಲೆ ಪರಿಶೀಲನೆಯ ಕೊನೆಯ ದಿನ ಅವಳು ಹೋಗಲಿಲ್ಲ. ದೊಡ್ಡ ಘೋಷಣೆಯೇನೂ ಮಾಡಲಿಲ್ಲ. ಬೆಳಿಗ್ಗೆ ಎಂದಿನ ಬಸ್ಸಿಗೆ ಕ್ಲಾಸಿಗೆ ಹೋದಳು, ಸಂಜೆ ಬಂದಳು. ಅಣ್ಣ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅಡಿಕೆ ಮರ ಹತ್ತುವ ಕೊನೆಗೌಡ ಮದ್ದು ಹೊಡೆಯಲು ಬಂದಾಗ ತೋಟಕ್ಕೆ ಚಹಾ ತರಲು ಹೇಳುವ ನೆವದಲ್ಲಿ ಮಾತು ಶುರುವಾಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಮುಂದಿನ ಪಟ್ಟಿಯಲ್ಲಿ ಆ ಜಾಗಕ್ಕೆ ವಿಜಯಪುರದ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ನಮ್ಮ ಮಳೆಯನ್ನು ಕಂಡು ಮೊದಲ ವಾರ ಅತ್ತಳಂತೆ. ಊರಲ್ಲೇ ವಾಸವಿರಬೇಕು, ಕಚೇರಿಗೆ ಜಾಗ ತೋರಿಸಬೇಕು. ಹಿಂದಿನ ಪೋಸ್ಟ್ ಮಾಸ್ಟರ್ ಜಗಲಿ ಕೊಡಲು ಒಪ್ಪಲಿಲ್ಲ, ಅವರಿಗೂ ಸಾಕಾಗಿರಬೇಕು. ಕೊನೆಗೆ ಬಾಡಿಗೆಗೆ ಹೊರಕೋಣೆ ಕೊಟ್ಟದ್ದು ಯಾರು ಎಂದುಕೊಂಡಿರಿ? ಅಣ್ಣನೇ. ಈಗ ಊರಿನ ಅಂಚೆ ಕಚೇರಿ ನಮ್ಮ ಮನೆಯ ಜಗಲಿಯಲ್ಲೇ ನಡೆಯುತ್ತದೆ. ತಾರೀಖಿನ ಮೊಹರು, ತೂಕದ ಯಂತ್ರ, ತೆಂಗಿನೆಣ್ಣೆಯ ಬಾಟಲಿ ಎಲ್ಲವೂ ಅಲ್ಲಿಗೇ ಬಂದಿವೆ. ಅಪ್ಪ ಬೆಳಗಿನ ಪೇಪರ್ ಹಿಡಿದು ಅದರ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಆ ಹೆಣ್ಣುಮಗಳ ವಿಜಯಪುರದ ಕನ್ನಡ ಅಜ್ಜಿಯರಿಗೆ ಅರ್ಥವಾಗದಿದ್ದರೆ ದುಭಾಷಿಯೂ ಅಪ್ಪನೇ, ಅವರಿಗೆ ಅರ್ಧಂಬರ್ಧ ಕಿವಿ ಕೇಳಿಸುವುದಿಲ್ಲ ಎಂಬುದನ್ನು ಬಿಟ್ಟರೆ ಒಳ್ಳೆಯ ವ್ಯವಸ್ಥೆ.

ಅವಳು ಎಂ.ಎ., ಬಿ.ಇಡಿ. ಎರಡನ್ನೂ ಮುಗಿಸಿದ್ದಾಳೆ. ಶಿಕ್ಷಕರ ನೇಮಕಾತಿಗೆ ಕಾದು ಕಾದು, ಹತ್ತನೆಯ ತರಗತಿಯ ಅಂಕದ ಮೇಲೆ ಇಲ್ಲಿಗೆ ಬಂದಳು. ಮಧ್ಯಾಹ್ನ ಕಚೇರಿ ಮುಚ್ಚಿದ ಮೇಲೆ ಅದೇ ಮೇಜಿನಲ್ಲಿ ಕುಳಿತು ಟಿ.ಇ.ಟಿ.ಗೆ ಓದುತ್ತಾಳೆ. ಅಣ್ಣ ಇದನ್ನು ನನಗೆ ಫೋನಿನಲ್ಲಿ ಹೇಳಿದ ಧಾಟಿಯಲ್ಲಿ ಒಂದು ಸಣ್ಣ ಗೆಲುವಿತ್ತು. ಇಷ್ಟೆಲ್ಲ ಓದಿದವಳೂ ಬಂದು ಕುಳಿತದ್ದು ನಮ್ಮ ಮಗಳು ಬಿಟ್ಟ ಕುರ್ಚಿಯಲ್ಲೇ ಅಲ್ಲವೇ, ಎಂದು ಅವನ ಭಾವ. ಅವನ ಮಾತನ್ನು ಅಲ್ಲಗಳೆಯುವುದು ಅಷ್ಟು ಸುಲಭವಲ್ಲ, ನಾನು ಪ್ರಯತ್ನಿಸಲೂ ಇಲ್ಲ.

ಮೊನ್ನೆ ಊರಿಗೆ ಹೋದಾಗ ಅಣ್ಣನ ಮಗಳನ್ನೇ ಕೇಳಿದೆ. ಕಣ್ಣೆದುರಿಗೇ ಆ ಮೇಜು ಇದೆ, ನೋಡಿದಾಗ ಏನನಿಸುತ್ತದೆ ಎಂದು. ಅವಳು ನಕ್ಕಳು. ಮುಂದಿನ ಅಧಿಸೂಚನೆ ಬಂದಾಗ ಮತ್ತೆ ಅರ್ಜಿ ಹಾಕುವವಳಿದ್ದಾಳಂತೆ. ಈ ಸಲ ಶಿರಸಿ ವಿಭಾಗಕ್ಕಲ್ಲ, ಕಾರವಾರ ವಿಭಾಗಕ್ಕೆ. ಕೋಡಿಬಾಗದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕರೆ ಸರಿ, ಸಿಗದಿದ್ದರೆ ಸದಾಶಿವಗಡದ ಕಡೆಯ ಯಾವುದಾದರೂ ಹಳ್ಳಿಯ ಅಂಚೆ. “ಎರಡರಲ್ಲಿ ಯಾವುದಾದರೂ ಆಗಲಿ ಅತ್ತೆ, ಸಮುದ್ರ ಹತ್ತಿರ ಇರುತ್ತದೆ” ಎಂದಳು.

ಊರಿನ ಕೆಲಸ ಬೇಡ ಎಂದದ್ದು ಓದಿಗಾಗಿ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಅಣ್ಣನಿಗೆ ಈ ಕಾರವಾರದ ಯೋಚನೆಯನ್ನು ಅವಳು ಇನ್ನೂ ಹೇಳಿಲ್ಲ. ನನ್ನ ಬಾಯಿಂದ ಹೇಳಿಸಬಹುದೇ ಎಂದು ನೋಡಿದಳು. ಅದನ್ನು ಮಾತ್ರ ನೀನೇ ಹೇಳು ಕೂಸೇ ಎಂದು ಬಸ್ಸು ಹತ್ತಿದೆ.